ಕ್ಯಾಪ್ಟನ್ ಷಣ್ಮುಖಪ್ಪ ಕೂತದ್ದು

ಬೋರಣ್ಣ ಟವೆಲ್ಲನ್ನು ಬಿಸಿನೀರಿಗೆ ಅದ್ದಿ, ಹಿಂಡಿ, ನಾಲ್ಕನೇ ಸಲ ಷಣ್ಮುಖಪ್ಪನ ಮಂಡಿಗೆ ಸುತ್ತಿದ. ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಲು ನೋಡಿದ. ಮಂಡಿ ಜಪ್ಪಯ್ಯ ಎಂದರೂ ಬಗ್ಗಲಿಲ್ಲ.

“ಈ ಓಣಿಯಾಗೆ ಇಪ್ಪತ್ತು ವರ್ಷದಿಂದ ಎಷ್ಟು ಜನನ್ನ ಕೂರಿಸೀನಿ. ಇಂಥ ಹಟ ನೋಡಿಲ್ಲ ಬಿಡವ್ವ,” ಎಂದು ಹಣೆಯ ಬೆವರು ಒರೆಸಿಕೊಂಡ.

ಮಗಳು ಶಾಂತಲಾ ಜಗಳೂರಿನ ಹೈಸ್ಕೂಲಿನಲ್ಲಿ ಟೀಚರು. ಎರಡು ಬಸ್ಸು ಬದಲಿಸಿ ಚನ್ನಗಿರಿಯ ಮನೆ ಮುಟ್ಟುವ ಹೊತ್ತಿಗೆ ಹನ್ನೊಂದು ದಾಟಿತ್ತು. ಹೊಸ್ತಿಲು ದಾಟಿದವಳಿಗೆ ಮೊದಲು ಕಂಡದ್ದು ಹಾಲಿನ ಮೂಲೆಯಲ್ಲಿ ನೆಟ್ಟಗೆ ನಿಂತಿದ್ದ ಅಪ್ಪ. ಫೋನು ಮಾಡಿದವರೇ ಏನೋ ತಪ್ಪು ತಿಳಿದಿದ್ದಾರೆ ಎಂದು ಒಂದು ಗಳಿಗೆ ಹೋದ ಜೀವ ಬಂದಂತಾಗಿತ್ತು. ಆಮೇಲೆ, ಅವನ ಎದೆಗೆ ಸುತ್ತಿ ಕಿಟಕಿಯ ಸರಳಿಗೆ ಬಿಗಿದಿದ್ದ ಶಾಲು ಕಣ್ಣಿಗೆ ಬಿತ್ತು.

ಷಣ್ಮುಖಪ್ಪ ಸತ್ತದ್ದೂ ನಿಂತುಕೊಂಡೇ. ಬೆಳಗಿನ ಜಾವ ನೀರು ಕುಡಿಯಲು ಅಡುಗೆಮನೆಗೆ ಹೋದವನು ಫ್ರಿಜ್ಜಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಆತುಕೊಂಡು ಹಾಗೆಯೇ ಹೋಗಿಬಿಟ್ಟಿದ್ದ. ಹೆಂಡತಿ ಕೊಟ್ರಮ್ಮ ಎದ್ದು ಬಂದವಳು ಹಾಲು ಕಾಯಿಸಿದಳು, ಟೀ ಸೋಸಿದಳು, ನಲ್ಲಿ ನೀರಿನ ವಿಷಯ, ಪಕ್ಕದ ಮನೆಯವರ ಮದುವೆಯ ವಿಷಯ ಎಲ್ಲ ಹೇಳಿ ಮುಗಿಸಿದಳು. ಗಂಡ ಹೂಂ ಎನ್ನಲಿಲ್ಲ. ಅದೇನು ಅವಳಿಗೆ ಹೊಸದಲ್ಲ, ಮದುವೆಯಾದಂದಿನಿಂದ ಆತ ಹೀಗೇ ನಿಂತು ಕೇಳುತ್ತಿದ್ದವನು. ಲೋಟ ಕೊಡಲು ಹೋದಾಗ ಬೆರಳು ಹಿಡಿಯಲಿಲ್ಲ.

ಈ ಮನೆತನದಲ್ಲಿ ಸತ್ತವರನ್ನು ಮಲಗಿಸುವ ಪದ್ಧತಿಯಿಲ್ಲ. ಕಾಲು ಮಡಿಸಿ ಕೂರಿಸಿ, ವಿಭೂತಿ ಹಚ್ಚಿ, ವಿಮಾನವೆಂಬ ಬಿದಿರಿನ ಮಂಟಪದಲ್ಲಿ ಕೂತಂತೆಯೇ ಹೊತ್ತೊಯ್ದು, ಗುಂಡಿಯಲ್ಲೂ ಕೂರಿಸಿಯೇ ಮಣ್ಣು ಹಾಕಬೇಕು. ಮೈ ಬಿಸಿಯಿರುವಾಗಲೇ ಕಾಲು ಮಡಿಸಿದರೆ ಸುಲಭ. ಇಲ್ಲಿ ಹೊತ್ತು ಮೀರಿ ಹೋಗಿತ್ತು. ಮಲಗಿಸಿದರೆ ಇನ್ನಷ್ಟು ಸೆಟೆದುಕೊಳ್ಳುತ್ತದೆ ಎಂದು ಬೋರಣ್ಣನೇ ನಿಲ್ಲಿಸಿ ಕಟ್ಟಿದ್ದ.

ಹೀಗಾಗಿ ಸಾವಿನ ಮನೆಗೆ ಬಂದವರೆಲ್ಲ ಕುರ್ಚಿಯ ಮೇಲೆ ಕೂತಿದ್ದರು, ಸತ್ತವನೊಬ್ಬ ನಿಂತಿದ್ದ. ಶಾಲು ಎದೆಯನ್ನು ಹಿಡಿದಿದ್ದರಿಂದ ಮೈ ಸ್ವಲ್ಪ ಮುಂದಕ್ಕೆ ಬಾಗಿತ್ತು. ಕಣ್ಣು ಅರ್ಧ ತೆರೆದಿತ್ತು. ಎಡಗೈ ಸೊಂಟದ ಹತ್ತಿರ ಮಡಿಚಿಕೊಂಡು ಅಲ್ಲೇ ನಿಂತುಬಿಟ್ಟಿತ್ತು. ಎದುರು ಮನೆಯ ಕಸ್ತೂರಮ್ಮ ಹೂವಿನ ಹಾರ ಹಿಡಿದು ಬಂದವಳು ಬಾಗಿಲಲ್ಲೇ ಹಿಂದೆ ಸರಿದಳು.

“ಬರ್ರಿ ಅಂದಂಗಾತಲ್ರೀ! ನನಗಂತೂ ಕೇಳಿಸ್ತು.”

ಕ್ರಿಯೆಗೆ ಬಂದಿದ್ದ ಅಯ್ಯನೋರು ಗಡಿಯಾರ ನೋಡಿದರು. “ಹೊತ್ತು ಮುಳುಗೋದ್ರೊಳಗೆ ಮಣ್ಣಾಗಬೇಕವ್ವ. ನಾಲ್ಕು ಗಂಟೆ ಮಟ ನೋಡಾನ. ಆಗ್ಲಿಲ್ಲ ಅಂದ್ರೆ ಮಲಗಿಸೇ ಮಾಡಾನ. ಶಿವ ಏನೂ ಬ್ಯಾಡ ಅನ್ನಂಗಿಲ್ಲ.”

ಅಷ್ಟು ಹೊತ್ತೂ ಗೋಡೆ ನೋಡುತ್ತಿದ್ದ ಕೊಟ್ರಮ್ಮ ಥಟ್ಟನೆ ತಿರುಗಿದಳು. “ಬ್ಯಾಡ್ರಿ. ಬದುಕಿದ್ದಾಗಂತೂ ಕೂರ್ಲಿಲ್ಲ. ಮಣ್ಣಿನಾಗಾದ್ರೂ ಕೂರ್ಲಿ.”

ಶಾಂತಲಾಳಿಗೆ ಕೆನ್ನೆಗೆ ಹೊಡೆದಂತಾಯಿತು. ಅಪ್ಪ ಕೂರಬೇಕೆಂದು ಈ ಮನೆಯಲ್ಲಿ ಅವಳಷ್ಟು ಬಯಸಿದವರು ಯಾರೂ ಇರಲಿಲ್ಲ.

*

ಮೂರು ತಿಂಗಳ ಹಿಂದೆ, ಅಪ್ಪ ರಿಟೈರ್ ಆದ ಮುಂದಿನ ಭಾನುವಾರ ಮಧ್ಯಾಹ್ನ, ಶಾಂತಲಾ ಅವನನ್ನು ಅವನು ಕೆಲಸ ಮಾಡಿದ್ದ ಹೋಟೆಲಿಗೇ ಊಟಕ್ಕೆ ಕರೆದುಕೊಂಡು ಹೋಗಿದ್ದಳು. ದಾವಣಗೆರೆಯ ದೊಡ್ಡ ಹೋಟೆಲು ಅದು. ಮೊದಲನೇ ಮಹಡಿಯ ದರ್ಬಾರ್ ಹಾಲಿನಲ್ಲಿ ಮಕಮಲ್ಲಿನ ಕುರ್ಚಿಗಳು, ಮೇಲೆ ಗಾಜಿನ ದೀಪದ ಗೊಂಚಲು, ಹಿತ್ತಾಳೆಯ ತಟ್ಟೆ, ತಟ್ಟೆಯ ಮೇಲೆ ನವಿಲಿನ ಆಕಾರದಲ್ಲಿ ಮಡಿಸಿಟ್ಟ ನ್ಯಾಪ್ಕಿನ್. ಆ ನವಿಲು ಮಡಿಸುವುದನ್ನು ಅಲ್ಲಿಯ ಸರ್ವರ್‌ಗಳಿಗೆಲ್ಲ ಕಲಿಸಿಕೊಟ್ಟವನು ಷಣ್ಮುಖಪ್ಪ. ಮೂವತ್ತನಾಲ್ಕು ವರ್ಷ ಅಲ್ಲಿ ದುಡಿದ, ಮೊದಲು ಸರ್ವರ್, ಆಮೇಲೆ ಸರ್ವರ್‌ಗಳ ಮೇಲಿನ ಕ್ಯಾಪ್ಟನ್. ಕರಿ ಕೋಟು, ಮಡಿಚಿದ ಎಡಗೈ, ಅದರ ಮೇಲೊಂದು ಬಿಳಿ ಬಟ್ಟೆ. ಗಿರಾಕಿ ಕಣ್ಣೆತ್ತಿದರೆ ಸಾಕು, ಪಕ್ಕದಲ್ಲಿರುತ್ತಿದ್ದ.

ಅವತ್ತು ಪನೀರ್ ಬಂತು, ದಾಲ್ ಮಖನಿ ಬಂತು, ಬೆಣ್ಣೆ ಸವರಿದ ನಾನ್ ಬಂತು. ಷಣ್ಮುಖಪ್ಪ ಕುರ್ಚಿಯ ತುದಿಯಲ್ಲಿ ಮುಳ್ಳಿನ ಮೇಲೆ ಕೂತವನಂತೆ ಕೂತ. ಬಾಗಿಲು ತೆರೆದರೆ ಎದ್ದ. ಪಕ್ಕದ ಟೇಬಲಿನ ಚಮಚ ಸೊಟ್ಟಗಿದ್ದರೆ ಕೈ ಚಾಚಿ ನೆಟ್ಟಗೆ ಮಾಡಿದ. ಹೊಸ ಕ್ಯಾಪ್ಟನ್ ನಾಚಿಕೊಂಡು, “ಕೂತ್ಕೊಳ್ಳಿ ಸಾರ್,” ಎಂದ. ಕೂತ. ಮತ್ತೆ ಎದ್ದ. ಕೊನೆಗೆ ಮಗಳ ಕುರ್ಚಿಯ ಹಿಂದೆ ಹೋಗಿ ನಿಂತು, ಅವಳ ತಟ್ಟೆಗೆ ದಾಲ್ ಬಡಿಸತೊಡಗಿದ. ಅತ್ತ ಕಡೆಯಿಂದ ಯಾರೋ, “ಏಯ್, ಇಲ್ಲಿ ನೀರು,” ಎಂದರು. ಷಣ್ಮುಖಪ್ಪ ನೀರಿನ ಜಗ್ಗು ಎತ್ತಿಕೊಂಡು ಹೋಗಿಯೇಬಿಟ್ಟ.

ವಾಪಸು ಬಂದಾಗ ಶಾಂತಲಾಳ ಮುಖ ಕೆಂಡವಾಗಿತ್ತು.

“ಒಂದು ದಿನ ಆದ್ರೂ ಮನುಷ್ಯರ ಥರ ಕೂತು ಉಣ್ಣಾಕೆ ಬರಲ್ವೇನಪ್ಪ ನಿನಗೆ? ನಿನ್ನ ಜೊತೆ ಬರಾಕೆ ನನಗೆ ನಾಚ್ಕೆ ಆಗ್ತೈತೆ.”

ಸುತ್ತಲಿನ ಟೇಬಲುಗಳು ತಿರುಗಿ ನೋಡಿದವು. ಷಣ್ಮುಖಪ್ಪ ನಿಂತೇ ಇದ್ದ. ಜಗ್ಗು ಕೆಳಗಿಟ್ಟು ಮೆಲ್ಲಗೆ ಕೇಳಿದ: “ಇನ್ನೊಂದು ನಾನ್ ಹಾಕ್ಲೇನವ್ವ?”

ಶಾಂತಲಾ ಬ್ಯಾಗು ತೆಗೆದುಕೊಂಡು ಎದ್ದು ಹೋದಳು. ಆಮೇಲೆ ಅವಳು ಚನ್ನಗಿರಿಗೆ ಬಂದದ್ದು ಇವತ್ತೇ.

*

ಮೂರು ಗಂಟೆಯ ಹೊತ್ತಿಗೆ ಬುಡನ್‌ಸಾಬ್ ಬಂದ. ಆ ಹೋಟೆಲಿನ ತಂದೂರಿ ಒಲೆಯ ಮುಂದೆ ಇಪ್ಪತ್ತೈದು ವರ್ಷ ನಿಂತವನು, ಮುಂಗೈಯಲ್ಲಿ ಒಂದು ಕೂದಲೂ ಉಳಿದಿರಲಿಲ್ಲ. ಕೈಯಲ್ಲಿ ಸ್ಟೀಲಿನ ಡಬ್ಬಿಯಿತ್ತು. ಮೂಲೆಯಲ್ಲಿ ನಿಂತಿದ್ದ ಗೆಳೆಯನನ್ನು ಕಂಡು ಎಲ್ಲರ ಹಾಗೆ ಬೆಚ್ಚಲಿಲ್ಲ.

“ಇನ್ನೂ ಡ್ಯೂಟಿ ಮ್ಯಾಲೆ ಅದಾನೆ,” ಎಂದ.

ಬೋರಣ್ಣನಿಗೆ ರೇಗಿತು. “ತಮಾಷಿ ಮಾಡೋ ಹೊತ್ತೇನ್ರಿ ಇದು, ಸಾಬ್ರೆ?”

“ತಮಾಷಿ ಅಲ್ಲಪ್ಪ. ಹಾಲಿನಾಗೆ ಒಬ್ಬೇ ಒಬ್ಬ ಗಿರಾಕಿ ಇದ್ರೂ ಈ ಮನುಷ್ಯ ಕೂರ್ತಿದ್ದಿಲ್ಲ. ಎಲ್ಲಾ ಹೋದ ಮ್ಯಾಲೆ ನಾನು ಎರಡು ನಾನ್ ಮುಂದಿಟ್ಟು, ‘ಕೊನೇ ಟೇಬಲ್ ಎದ್ದಾತು ಷಣ್ಮುಖಣ್ಣ’ ಅಂತಿದ್ದೆ. ಆಗ ಕೂರ್ತಿದ್ದ. ಕುರ್ಚಿ ಮ್ಯಾಲಲ್ಲ, ಅಡುಗೆಮನೆ ನೆಲದಾಗೆ, ಚಕ್ಕಳಮಕ್ಕಳ ಹಾಕ್ಕೊಂಡು.” ಬುಡನ್‌ಸಾಬ್ ಕುರ್ಚಿಗಳ ಸಾಲನ್ನು ಒಮ್ಮೆ ನೋಡಿದ. “ನೀವು ಇಷ್ಟು ಜನ ಕುಂತೀರಿ. ಅವನು ಹೆಂಗೆ ಕೂರ್ತಾನೆ ಹೇಳ್ರಿ?”

ಅಯ್ಯನೋರು ಶಲ್ಯ ಸರಿಪಡಿಸಿಕೊಂಡು ಎದ್ದರು. “ಹೊರಗೆ ಹೋಗೋದ್ರಿಂದ ಹೋಗೋದೇನೈತೆ? ನಡೀರಿ.” ಒಬ್ಬೊಬ್ಬರಾಗಿ ಎಲ್ಲರೂ ಓಣಿಗೆ ಇಳಿದರು. ಕೊಟ್ರಮ್ಮನನ್ನು ಕಸ್ತೂರಮ್ಮ ಕೈಹಿಡಿದು ಕರೆದೊಯ್ದಳು.

ಬುಡನ್‌ಸಾಬ್ ಡಬ್ಬಿಯನ್ನು ಶಾಂತಲಾಳಿಗೆ ಕೊಟ್ಟ. “ನೀನೇ ಇಡವ್ವ. ಆ ಕಟ್ಟೂ ಬಿಚ್ಚು. ಕಟ್ಟಿ ನಿಲ್ಸಿದ್ರೆ ಯಾರು ಕೂರ್ತಾರೆ?” ಎಂದವನೇ ತಾನೂ ಓಣಿಗೆ ಇಳಿದ.

ಅವಳು ನಾನ್ ಮತ್ತು ದಾಲನ್ನು ತಟ್ಟೆಗೆ ಹಾಕಿ ಅಪ್ಪನ ಕಾಲ ಬಳಿ ಇಟ್ಟಳು. ಸರಳಿನ ಗಂಟು ಬಿಚ್ಚಿದಳು. ಬಿದ್ದರೆ ಹಿಡಿಯಬೇಕೆಂದು ಎರಡೂ ಕೈ ಚಾಚಿದ್ದಳು. ಶಾಲು ಜಾರಿ ನೆಲಕ್ಕೆ ಬಿತ್ತು. ಷಣ್ಮುಖಪ್ಪ ಬೀಳಲಿಲ್ಲ. ಯಾವ ಆಸರೆಯೂ ಇಲ್ಲದೆ, ಮುಂದಕ್ಕೆ ಬಾಗಿದ್ದ ಹಾಗೆಯೇ, ನಿಂತಿದ್ದ.

ಶಾಂತಲಾ ಚಾಚಿದ ಕೈ ಇಳಿಸದೆ ಎರಡು ಹೆಜ್ಜೆ ಹಿಂದೆ ಸರಿದಳು. ಹಿಂದಿದ್ದ ಕುರ್ಚಿ ತಗುಲಿ ಅದರ ಮೇಲೆ ಕೂತುಬಿಟ್ಟಳು.

“ಅಪ್ಪ, ಕೊನೇ ಟೇಬಲ್ ಎದ್ದಾತು,” ಎಂದಳು.

ಏನೂ ಆಗಲಿಲ್ಲ. ಅರ್ಧ ತೆರೆದ ಆ ಕಣ್ಣು ಅವಳನ್ನೇ ನೋಡುತ್ತಿತ್ತು. ಹೆಣದ ನೋಟದ ಹಾಗಿರಲಿಲ್ಲ ಅದು. ಅವಳು ಚಿಕ್ಕವಳಿದ್ದಾಗಿನಿಂದ ಊಟಕ್ಕೆ ಕೂತಾಗಲೆಲ್ಲ ಬಾಗಿಲಿಗೆ ಒರಗಿ ನಿಂತು, ಇವಳಿಗೆ ಇನ್ನೇನು ಬೇಕು ಎಂದು ಕಾಯುತ್ತಿದ್ದ ನೋಟ. ಆಗ ಅವಳಿಗೆ ತಾನು ಕುರ್ಚಿಯಲ್ಲಿ ಕೂತಿರುವುದು ಗೊತ್ತಾಯಿತು. ಹಾಲಿನಲ್ಲಿ ಇನ್ನೂ ಒಬ್ಬಳು ಗಿರಾಕಿ ಉಳಿದಿದ್ದಳು.

ಎದ್ದು ನಿಂತಳು. ಕಣ್ಣೀರು ಧಾರಾಕಾರ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ನನ್ನ ಹೊಟ್ಟೆ ತುಂಬೈತಪ್ಪ. ನನಗೇನೂ ಬ್ಯಾಡ. ನೀನು ಕೂತು ಉಣ್ಣು.”

ಬೆನ್ನು ತೋರಿಸದೆ ಹಿಂದಕ್ಕೆ ನಡೆದು ಹೊರಗೆ ಬಂದು ಬಾಗಿಲು ಎಳೆದುಕೊಂಡಳು.

ಓಣಿಯಲ್ಲಿ ವಿಮಾನಕ್ಕೆ ಕಟ್ಟಿದ್ದ ಬಾಳೆಕಂದು ಬಿಸಿಲಿಗೆ ಬಾಡಿತ್ತು. ಒಳಗೆ ಲಟಕ್ಕೆಂದು ಒಂದು ಸದ್ದಾಯಿತು. ಸ್ವಲ್ಪ ತಡೆದು ಅಂಥದೇ ಇನ್ನೊಂದು. ಮಂಡಿಗೆ ಬಿಸಿನೀರಿನ ಕಾವು ಈಗ ಹತ್ತಿತು ಎಂದು ಬೋರಣ್ಣ ಯಾರಿಗೋ ಹೇಳಲು ಹೊರಟವನು ಅರ್ಧಕ್ಕೇ ನಿಲ್ಲಿಸಿದ. ನೆಲದ ಮೇಲೆ ತಟ್ಟೆ ಜರುಗಿದ ಸದ್ದು ಎಲ್ಲರಿಗೂ ಕೇಳಿಸಿತ್ತು.

ಬೋರಣ್ಣ ಚಿಲಕಕ್ಕೆ ಕೈ ಹಾಕಿದ. ಕೊಟ್ರಮ್ಮ ಅವನ ತೋಳು ಹಿಡಿದಳು.

“ತಡೀರಿ. ಉಂಡು ಮುಗಿಸ್ಲಿ.”

ಅಯ್ಯನೋರು ಗಡಿಯಾರ ನೋಡಲಿಲ್ಲ. ಓಣಿಯ ತುಂಬ ಕುರ್ಚಿಗಳಿದ್ದವು, ಒಬ್ಬರೂ ಕೂರಲಿಲ್ಲ. ಎಲ್ಲರೂ ಮುಚ್ಚಿದ ಬಾಗಿಲಿನ ಕಡೆ ಮುಖ ಮಾಡಿ ಬಿಸಿಲಿನಲ್ಲಿ ನಿಂತರು. ಶಾಂತಲಾ ಎಲ್ಲರಿಗಿಂತ ಮುಂದೆ, ಒಳಗಿನಿಂದ ನೀರು ಕೇಳಿದರೆ ಕೇಳಿಸುವಷ್ಟು ಹತ್ತಿರದಲ್ಲಿ, ನಿಂತಿದ್ದಳು.