ಒಲೆಯ ಬುಡದಲ್ಲಿ ಇಲ್ಲದ್ದು

ಹೊಗೆ ಇವತ್ತು ತಾಳೆಗರಿಯ ಮಾಡಿಗೆ ಏರದೆ ನೆಲದ ಮೇಲೇ ಹರಿದಾಡುತ್ತಿದೆ, ಕಟ್ಟಿಗೆ ಹಸಿಯಿರಬೇಕು, ಮುಸುಕಿನ ಜೋಳದ ರೊಟ್ಟಿ ಒಂದು ಮಗ್ಗುಲು ಸೀದೇ ಹೋಯಿತು, ಬಸಿಲಿಯಾ ಬೆರಳು ಸುಟ್ಟುಕೊಂಡು ಮಗುಚಿದಳು — ನೆಲ್ಮಿಗೆ ಸೀದದ್ದೇ ಇಷ್ಟ, ಬೆಳಿಗ್ಗೆ ಅಂಥದ್ದೊಂದನ್ನು ಸುರುಳಿ ಸುತ್ತಿ ಕಚ್ಚುತ್ತ ಹೋದ ಎಂಟು ವರ್ಷದ ಮಗಳು, ಬಿಸಿಲು ಇಳಿದರೂ ಬಂದಿಲ್ಲ, ಗಂಡ ತಾಸೊ ತಮ್ಮಂದಿರೊಡನೆ ಹೊಲದ ಕಡೆ ಹುಡುಕುತ್ತಿದ್ದಾನೆ, ಅವರ ಸಿಳ್ಳೆ ಕೇಳುತ್ತದೆ, ಮರುದನಿ ಇಲ್ಲ. ತೂಗುವ ಹಗ್ಗದ ಜೋಲಿಯಲ್ಲಿ ಕೂತ ಅತ್ತೆ ಒಲೆಯ ಮೂರು ಕಲ್ಲುಗಳನ್ನೇ ನೋಡುತ್ತಿದ್ದಾಳೆ. ಹೆಣ್ಣುಮಗು ಎಲ್ಲಿಗೆ ಹೋಗತ್ತೆ ಬಿಡೆ, ಹೊಕ್ಕುಳಬಳ್ಳಿ ಒಲೆ ಬುಡದಲ್ಲಿದೆ, ಎಳ್ಕೊಂಡು ಬರತ್ತೆ, ಗಂಡುಹುಡುಗ್ರದ್ದು ಕಾಡಲ್ಲಿ ಹೂತಿರ್ತೀವಿ, ಅದಕ್ಕೇ ಅವು ಹಾಗೆ ಅಲೀತಾವೆ, ನೀನೇ ಅಲ್ವೇನೇ ಹೂತಿದ್ದು? ಹೂಂ ಅತ್ತೆ. ಎಂಟು ವರ್ಷದಿಂದ ಇದೇ ಹೂಂ, ಆ ಕಲ್ಲುಗಳ ಕೆಳಗೆ ಬೂದಿ ಬಿಟ್ಟರೆ ಏನಿಲ್ಲ — ತನ್ನದು ಅಮ್ಮನ ಒಲೆಯ ಕೆಳಗಿದೆ, ಅಮ್ಮನದು ಅಜ್ಜಿಯ ಒಲೆಯ ಕೆಳಗೆ, ಮದುವೆಯೆಂದರೂ ಒಂದು ಒಲೆಯಿಂದ ಇನ್ನೊಂದು ಒಲೆಗೆ ಅಷ್ಟೇ, ಆಗ ಹಸಿ ಬಾಣಂತಿ, ತಾನು ಎಲ್ಲರ ಕಣ್ಣು ತಪ್ಪಿಸಿ ಹಿಂದಿನ ಕಾಲದ ಮಾಯಾ ರಾಜರು ಕಟ್ಟಿಸಿದ ಕಲ್ಲುಗುಡ್ಡ ಹತ್ತಿದ್ದಳು, ಎದೆಹಾಲು ರವಿಕೆ ತೋಯಿಸುತ್ತಿತ್ತು, ಬಟ್ಟೆಯ ಗಂಟಿನಲ್ಲಿ ಒಣಗಿದ ಅವರೆಸಿಪ್ಪೆಯಂಥ ಬಳ್ಳಿ, ತುದಿಯ ಬಾಗಿಲ ಪಕ್ಕ ಎರಡು ಕಲ್ಲುಗಳ ನಡುವೆ ಬೆರಳಗಲದ ಸಂದು, ಅದರೊಳಗೆ ತುರುಕಿ ತಿರುಗಿದರೆ ಕಣ್ಣು ಹರಿದಷ್ಟೂ ಕಾಡಿನ ನೆತ್ತಿ, ಇವಳಾದರೂ ಇದನ್ನು ನೋಡಲಿ ಎಂದುಕೊಂಡಿದ್ದಳು, ಬಾಗಿಲಾಚೆಯ ಕೋಣೆಯ ಕಮಾನು ಆಗ ಗಟ್ಟಿಯಾಗಿತ್ತು, ಈ ಮಳೆಗಾಲದಲ್ಲಿ ಅರ್ಧ ಕುಸಿದಿದೆ, ಉಳಿದರ್ಧ ಯಾವಾಗ ಬೀಳುತ್ತದೋ. ಹೋದ ವಾರ ನೆಲ್ಮಿ ಕೇಳಿದ್ದಳು, ಅಮ್ಮಾ, ಆ ರಾಜರ ಮನೇಲಿ ಒಲೇನೇ ಇಲ್ವಲ್ಲ, ಅವ್ರೇನು ಹಸಿಹಿಟ್ಟು ಮುಕ್ತಿದ್ರಾ? ತಾನು ನಕ್ಕಳು, ನಿನಗೆ ಹೇಗೆ ಗೊತ್ತೇ, ಒಳಗೆ ಹೋಗಿದ್ಯಾ ಎಂದು ಕೇಳಲಿಲ್ಲ, ಕೇಳಬೇಕಿತ್ತು, ಈಗ ಹೇಳಿದರೆ — ಹೆತ್ತ ಮಗಳನ್ನ ಕಲ್ಲಿಗೆ ಕೊಟ್ಟ್ಯಲ್ಲೇ ಅನ್ನುತ್ತಾಳೆ ಅತ್ತೆ, ತಾಸೊ ಇನ್ನು ಜನ್ಮವಿಡೀ ತಲೆ ತಗ್ಗಿಸಿ ಉಣ್ಣುತ್ತಾನೆ, ಹೇಳದಿದ್ದರೆ ಅವರು ಹೊಲವನ್ನೇ ಸುತ್ತುತ್ತಾರೆ, ಸಿಳ್ಳೆ ಆಗಲೇ ದೂರವಾಯಿತು, ತಪ್ಪು ದಿಕ್ಕಿಗೆ. ಅತ್ತೆ, ಅದು ಅಲ್ಲಿಲ್ಲ. ಯಾವ್ದೇ? ಬಳ್ಳಿ, ಒಲೆ ಬುಡದಲ್ಲಿಲ್ಲ, ಗುಡ್ಡದ ಮೇಲಿಟ್ಟೆ. ಜೋಲಿ ನಿಂತಿತು, ಮುದುಕಿಯ ಬಾಯಿ ತೆರೆದದ್ದು ಕಂಡಿತು, ಏನಂದಳೋ, ಬಸಿಲಿಯಾ ಆಗಲೇ ಅಂಗಳದಲ್ಲಿ, ತಾಸೊ, ಗುಡ್ಡಕ್ಕೆ, ಗುಡ್ಡಕ್ಕೆ ಎಂದು ಕೂಗುತ್ತ ಬರಿಗಾಲಲ್ಲಿ ಓಡುತ್ತಿದ್ದಾಳೆ, ಮುಳ್ಳು ಚುಚ್ಚಿದರೂ ಕಾಲು ತನ್ನದಲ್ಲ, ಕಣ್ಣೆದುರು ಕಾಡಿಲ್ಲ, ದಾರಿಯಿಲ್ಲ, ಎರಡು ಕಲ್ಲು, ನಡುವೆ ಬೆರಳಗಲದ ಸಂದು, ಕಪ್ಪು ಸಂದು, ಎರಡು ಕಲ್ಲು, ನಡುವೆ