ಬಾಣಂತಿ ತೆಗ್ಗು

ಭಗವಂತರಾಯ ಪ್ರತಿವರ್ಷ ಸಂಕ್ರಮಣ ಮುಗಿದ ಕೂಡಲೇ ಕುರಿ ಹೊಡೆದುಕೊಂಡು ತಿಂಥಣಿ ದಾರಿ ಹಿಡಿಯುವವನು. ಹೊಳೆ ದಾಟಿ ಹೋದನೆಂದರೆ ಶಿರವಾಳದ ಮನೆಗೆ ಬರುವುದು ಮುಂಗಾರಿನ ಮಿರಗದ ಮಳೆ ಬಿದ್ದ ಮೇಲೆಯೇ. ಬೇಸಿಗೆಯಲ್ಲಿ ಇಲ್ಲಿ ಮೇವಾದರೂ ಎಲ್ಲಿದೆ? ಹೆಂಡತಿ ಶೇಖಮ್ಮನಿಗೆ ಬೇಸಿಗೆ ಎಂದರೆ ಒಬ್ಬಳಿಗೇ ರೊಟ್ಟಿ ಬಡಿದುಕೊಳ್ಳುವ ಕಾಲ.

ಈ ಸಲ ಅವಳು ಹಟ ಹಿಡಿದಳು. ದನದ ದವಾಖಾನೆಯಲ್ಲಿ ಹಸಿಮೇವನ್ನು ಹುಳಿಬರಿಸಿ ಬೇಸಿಗೆಗೆ ಕಾದಿಡುವ ರಸಮೇವಿನ ಸುದ್ದಿ ಕೇಳಿ ಬಂದು ಹಿತ್ತಲಲ್ಲಿ ತೆಗ್ಗು ತೋಡಿಸಿದಳು. ಮೆಕ್ಕೆಜೋಳದ ತೆನೆ ಇನ್ನೂ ಹಾಲುಗಾಳಿರುವಾಗಲೇ ಕೊಯ್ದು, ದಂಟುಸಮೇತ ಸಣ್ಣಗೆ ಕತ್ತರಿಸಿ ತುಂಬಿದಳು. ಪಕ್ಕದ ಮನೆಯ ಚಮನಬೀಯನ್ನೂ ಕರೆದು, ಇಬ್ಬರೂ ಸೀರೆ ಎತ್ತಿಕಟ್ಟಿ ತುಳಿದದ್ದೇ ತುಳಿದದ್ದು. ಮೇಲೆ ತಾಡಪತ್ರಿ, ಅದರ ಮೇಲೆ ಮಣ್ಣು.

"ಗಾಳಿ ತಾಗಿದ್ರ ಬೂಸರ ಹಿಡಿದು ಕೆಡ್ತೈತಂತ," ಎಂದಳು ಶೇಖಮ್ಮ.

"ಹಂಗಂದ್ರ ತೆಗ್ಗಿಗೆ ಬಾಣಂತನ ಮಾಡಾಕತ್ತಿ ಅನ್ನು," ಚಮನಬೀ ನಕ್ಕಳು. "ಕಿವಿಗೆ ಹತ್ತಿನೂ ಇಟ್ಟುಬಿಡು."

ಅಂದಿನಿಂದ ಓಣಿಗೆಲ್ಲ ಅದು ಬಾಣಂತಿ ತೆಗ್ಗು. ಭಗವಂತರಾಯನೂ ಬಿಡಲಿಲ್ಲ. "ಹ್ಯಾಂಗದಾಳ ನಿನ್ನ ಬಾಣಂತಿ?"

"ಮೇವು ಚಲೋ ಬಂದ್ರ ನೀವು ಹೋಗಂಗಿಲ್ಲ, ಹೌದಿಲ್ರಿ?"

"ಕುರಿ ತಿಂದ್ರ ನೋಡೂಣು."

ಸಂಕ್ರಮಣದ ಮರುದಿನ ಒಂದು ಮೂಲೆ ತೆರೆದರು. ಹುಳಿ ಮಜ್ಜಿಗೆಗೆ ಬೆಲ್ಲ ಕದಡಿದಂಥ ವಾಸನೆ. ಕುರಿಗಳು ಮೂಸಿ ಹಿಂದೆ ಸರಿದವು. ಶೇಖಮ್ಮ ಒಂದು ಹಿಡಿ ಎತ್ತಿ ಅವುಗಳ ಮೂತಿಗೆ ಹಿಡಿದಳು. ಆಮೇಲೆ ಹಿಂಡಿನ ಮುಂದೆ ನಡೆಯುವ ಮುದಿಕುರಿ ಒಮ್ಮೆ ಬಾಯಿ ಹಾಕಿತು ನೋಡಿ, ಉಳಿದವು ಒಂದರ ಮೇಲೊಂದು ಬಿದ್ದವು.

"ತಿನ್ನಾಕತ್ಯಾವಲ್ಲ ಶೇಖಿ," ಎಂದ ಭಗವಂತರಾಯ. ಮುದಿಕುರಿಯ ಬೆನ್ನು ಸವರಿ, "ಆತು, ಇಲ್ಲೇ ಇರ್ತೀನಿ," ಎಂದ.

ಅವತ್ತೇ ಸಂಜೆ ಬೇರೆಯವರ ಹಿಂಡುಗಳು ಹಿತ್ತಲಾಚೆಯ ತಿಂಥಣಿ ದಾರಿಯಲ್ಲಿ ಹಾದುಹೋದವು. ಗಂಟೆಯ ಸದ್ದಿಗೆ ಹಟ್ಟಿಯೊಳಗಿನ ಕುರಿಗಳು ಕತ್ತೆತ್ತಿದವು. ಶೇಖಮ್ಮ ಇಬ್ಬರ ರೊಟ್ಟಿ ತಂದಾಗ ಗಂಡ ಕಂಬಳಿ ಹೆಗಲಿಗೆ ಹಾಕಿಕೊಂಡು ಬೇಲಿಯ ಬಳಿ ನಿಂತಿದ್ದ.

"ಹೋಗಬೇಕನಿಸಿದ್ರ ಹೋಗ್ರಿ," ಎಂದಳು. ಅಂದ ಮೇಲೆ, ಅನ್ನಬಾರದಿತ್ತು ಅನಿಸಿತು.

"ನಾ ಹೋದ್ರ ನಿನ್ನ ಬಾಣಂತಿನ ಯಾರು ನೋಡ್ಬೇಕು?"

ಕಂಬಳಿ ಹಾಸಿ ಕೂತು ರೊಟ್ಟಿ ಮುರಿದ. ಮುಖ ಮಾತ್ರ ತಿಂಥಣಿ ಕಡೆಗೇ ಇತ್ತು. ಶೇಖಮ್ಮ ತನ್ನ ತಾಟು ಹಿಡಿದು ಬಂದು, ಅವನಿಗೂ ದಾರಿಗೂ ನಡುವೆ ಕೂತಳು. ಅವನು ಅವಳ ತಲೆಯ ಮೇಲಿಂದ ನೋಡಿದ. ಗಂಟೆಯ ಸದ್ದು ಹೊಳೆಯ ಕಡೆ ಕರಗುವವರೆಗೂ ಮುರಿದ ತುತ್ತು ಅವನ ಕೈಯಲ್ಲೇ ಇತ್ತು.