ಬಾಗಿಲ ಕಡೆಗೆ ತಿರುಗಿದ ಹೆಜ್ಜೆಗಳು

“ಇದೇನಪ್ಪಾ, ಹೆಜ್ಜೆಗಳೆಲ್ಲ ಬಾಗಿಲ ಕಡೆ ನೋಡ್ತಿವೆ?” ಎಂದು ಮ್ಯಾನೇಜರಮ್ಮ ಕೇಳಿದಾಗ ಬೋರ್ಡಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬ್ಯಾಂಕಿನ ಎಟಿಎಂ ಕೋಣೆಯ ನೆಲದ ಮೇಲೆ, ಹಳದಿ ಗೆರೆಯ ಹಿಂದೆ, ಅವನು ಬರೆದ ಮೂರು ಜೊತೆ ಪಾದಗಳು ಒಣಗಿ ಹೊಳೆಯುತ್ತಿದ್ದವು. ಹಿಮ್ಮಡಿ ಯಂತ್ರದ ಕಡೆಗೆ, ಬೆರಳು ಬಾಗಿಲ ಕಡೆಗೆ.

ಪಾದ ಬರೆಸುವುದು ಆಕೆಯದೇ ಉಪಾಯ. ಬರೀ ಗೆರೆ ಎಳೆದರೆ ಜನ ಅದನ್ನು ದಾಟಿ ಬಂದು ಮುಂದಿನವರ ಕತ್ತಿನ ಮೇಲೆ ಉಸಿರು ಬಿಡುತ್ತಾರೆ, ಪಾದವಿದ್ದರೆ ಅದರ ಮೇಲೆ ನಿಲ್ಲುತ್ತಾರೆ ಎಂದು ಲೆಕ್ಕ ಹಾಕಿದ್ದಳು. ಅಂಗಡಿಗಳ ಬೋರ್ಡು ಬರೆದೇ ಹೆಸರು ಮಾಡಿದ ಬೋರ್ಡಪ್ಪ ಒಂದೇ ಮಾತಿಗೆ ಒಪ್ಪಿದ್ದ. ಕೂಲಿಗಾಗಿ ಅಲ್ಲ, ಅಕ್ಕನಿಗಾಗಿ.

ಅಕ್ಕ ಪರದೆ ಹೊಲಿಯುವವಳು. ಹೋದ ಬೇಸಿಗೆಯಲ್ಲಿ ಇದೇ ಕೋಣೆಯಲ್ಲಿ ಒಬ್ಬ ಹಿಂದಿನಿಂದ ಇಣುಕಿ ಅವಳ ಗುಟ್ಟಿನ ನಂಬರು ನೋಡಿಕೊಂಡ, ಸಹಾಯ ಮಾಡುವ ನೆಪದಲ್ಲಿ ಕಾರ್ಡೂ ಬದಲಾಯಿಸಿದ. ಕೂಡಿಟ್ಟದ್ದೆಲ್ಲ ಹೋಯಿತು. ಬಿಸಿ ಹಾಲು ಕುಡಿದ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯಿತಂತೆ. ಅಕ್ಕ ಮಜ್ಜಿಗೆಯ ಬೀದಿಗೇ ಕಾಲಿಡುವುದನ್ನು ಬಿಟ್ಟಳು. ಹೊಸ ಕಾರ್ಡು ಬಂದ ದಿನವೇ ಅದನ್ನು ತಮ್ಮನ ಕೈಗಿಟ್ಟು, ನಂಬರನ್ನು ಅಡುಗೆಮನೆಯಿಂದಲೇ ಕೂಗಿ ಹೇಳಿದ್ದಳು. ತನ್ನ ಪರ್ಸನ್ನು ಯಾರಿಗೂ ಮುಟ್ಟಲು ಬಿಡದಿದ್ದ ಹೆಂಗಸು ಹಾಗೆ ಕೂಗಿದ್ದು ಬೋರ್ಡಪ್ಪನಿಗೆ, ಹಣ ಹೋದದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತ್ತು.

ಅದಕ್ಕೇ ಪಾದದ ಅಚ್ಚು ಕತ್ತರಿಸಲು ಅವಳನ್ನೇ ರಟ್ಟಿನ ಮೇಲೆ ನಿಲ್ಲಿಸಿದ್ದ. ಪೆನ್ಸಿಲು ಅಂಗಾಲಿನ ಬದಿಗೆ ತಾಗಿದಾಗ ಕಚಗುಳಿಯಾಗಿ ನಕ್ಕಿದ್ದಳು. ತನ್ನ ಪಾದ ನೋಡುವ ಆಸೆಗಾದರೂ ಒಂದು ದಿನ ಅಲ್ಲಿಗೆ ಬಂದಾಳು ಎಂದು ಅವನ ಆಸೆ.

ಆದರೆ ಬರೆಯುವಾಗ ಯಂತ್ರವನ್ನು ಮುಚ್ಚಿರಲಿಲ್ಲ. ಜನ ಬರುತ್ತಿದ್ದರು, ಗುಂಡಿ ಒತ್ತುತ್ತಿದ್ದರು. ಅದನ್ನು ನೋಡುತ್ತ ಕೂರುವುದು ಸರಿಯಲ್ಲವೆಂದು ಬೋರ್ಡಪ್ಪ ಯಂತ್ರಕ್ಕೆ ಬೆನ್ನು ಹಾಕಿ ಕುಕ್ಕರುಗಾಲಲ್ಲಿ ಕೂತ. ಹಾಗೇ ಕೂತು, ಬೆರಳು ಮುಂದಾಗಿ ಅಚ್ಚಿಟ್ಟು, ಒಂದೊಂದೇ ಹೆಜ್ಜೆಗೆ ಬಣ್ಣ ತುಂಬಿದ.

“ಮರ್ಯಾದೆ ಕೊಡೋಕೆ ಹೋಗಿ ಹಿಂಗಾಯ್ತಮ್ಮ,” ಎಂದ.

“ಗಣಪನ್ನ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ರಿ,” ಎಂದಳು ಮ್ಯಾನೇಜರಮ್ಮ, ನಗು ತಡೆದುಕೊಳ್ಳುತ್ತ. “ಮಧ್ಯಾಹ್ನ ದೊಡ್ಡಾಫೀಸಿನವರು ನೋಡೋಕೆ ಬರ್ತಾರೆ. ಅಷ್ಟರಲ್ಲಿ ಅಳಿಸಿ, ಸರಿಯಾಗಿ ಬರೀರಿ.”

ಬಣ್ಣ ಅಳಿಸುವ ಥಿನ್ನರಿನ ಡಬ್ಬಿ ಮನೆಯಲ್ಲೇ ಉಳಿದಿತ್ತು. ಅಕ್ಕನಿಗೆ ಫೋನ್ ಮಾಡಿದ.

“ಅಲ್ಲಿಗಾ?” ಎಂದಳು ಅಕ್ಕ. “ಬಾಗಿಲ ತನಕ ತರ್ತೀನಿ. ಒಳಗೆ ಕರೀಬೇಡ.”

ಅವಳು ಬರುವಷ್ಟರಲ್ಲಿ ಒಬ್ಬ ಕಂಡಕ್ಟರು ಯಂತ್ರದ ಮುಂದೆ ನಿಂತಿದ್ದ. ಆಮೇಲೆ ಬಂದ ದಪ್ಪನೆಯ ಮೇಷ್ಟ್ರು ನೆಲ ನೋಡಿದರು, ಕಾಲು ನೋಡಿಕೊಂಡರು, ಪಾದದ ಮೇಲೆ ಪಾದವಿಟ್ಟು ವಿಧೇಯರಾಗಿ ಬಾಗಿಲ ಕಡೆ ತಿರುಗಿ ನಿಂತರು. ಅವರನ್ನು ನೋಡಿ ಒಬ್ಬ ನರ್ಸೂ ಹಾಗೇ ನಿಂತಳು.

“ನಾವ್ಯಾಕೆ ಹಿಂಗೆ ನಿಂತಿದೀವಿ ಸಾರ್?”

“ಹೆಜ್ಜೆ ಹಿಂಗಿದೆಯಲ್ಲಮ್ಮ.”

“ಹಂಗಾದ್ರೆ ಫೋಟೋ ತೆಗೆಯೋರು ಎಲ್ಲಿ?”

ಮೇಷ್ಟ್ರು ಹೊಟ್ಟೆ ಕುಣಿಸಿ ನಕ್ಕರು. ಗುಂಡಿಗಳ ಮೇಲೆ ಕೋಳಿ ಕಾವಿಗೆ ಕೂತ ಹಾಗೆ ಬಗ್ಗಿದ್ದ ಕಂಡಕ್ಟರು ನಗು ಕೇಳಿ ತಿರುಗಿ ನೋಡಿದ. ಬೆನ್ನುಗಳು ಬಿಟ್ಟರೆ ಏನೂ ಇಲ್ಲ. ನೆಟ್ಟಗಾಗಿ, ಆರಾಮಾಗಿ ಕೆಲಸ ಮುಗಿಸಿದ. ಗಾಜಿನಾಚೆಯಿಂದ ಇದನ್ನೆಲ್ಲ ನೋಡಿದ ಮ್ಯಾನೇಜರಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಹೋದಳು. ಅಳಿಸುವ ಮಾತೆತ್ತಲಿಲ್ಲ.

ಮೇಷ್ಟ್ರೂ ನರ್ಸೂ ಕೆಲಸ ಮುಗಿಸಿ, ಇನ್ನೊಬ್ಬ ಯಂತ್ರದ ಮುಂದೆ, ಇಬ್ಬರು ಪಾದಗಳ ಮೇಲೆ ನಿಂತಿದ್ದಾಗ ಅಕ್ಕ ಡಬ್ಬಿ ಹಿಡಿದು ಬಾಗಿಲಿಗೆ ಬಂದಳು. ಕಾಯುತ್ತಿದ್ದವರಿಬ್ಬರೂ ಅವಳನ್ನೇ ನೋಡುತ್ತಿದ್ದರು. ಗುಂಡಿ ಒತ್ತುವವನ ಕಡೆ ನೋಡುವವರು ಒಬ್ಬರೂ ಇರಲಿಲ್ಲ. ಅಕ್ಕ ಅಲ್ಲೇ ನಿಂತಳು. ಅವರು ಒಬ್ಬೊಬ್ಬರಾಗಿ ಮುಗಿಸಿ ಹೋಗುವ ತನಕ ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ಹೊಸಿಲು ದಾಟಿದಳು.

“ಇದು ನನ್ನ ಕಾಲೇ. ಕಿರುಬೆರಳು ಸೊಟ್ಟ ಇದೆ ನೋಡು.”

“ಹೌದು. ಉಲ್ಟಾ ಬರೆದುಬಿಟ್ಟಿದೀನಿ. ಅಳಿಸ್ಬೇಕು.”

“ಅಳಿಸಿದ್ರೆ ಕೈ ಮುರೀತೀನಿ,” ಎಂದು ಡಬ್ಬಿಯನ್ನು ಅವನ ಎದೆಗೊತ್ತಿದಳು. “ಕಾರ್ಡು ಕೊಡು.”

ಬೋರ್ಡಪ್ಪ ಕೊಟ್ಟ. ಅವಳ ಪಾದಗಳ ಮೇಲೆ ತನ್ನ ದೊಡ್ಡ ಪಾದಗಳನ್ನಿಟ್ಟು, ಬಾಗಿಲ ಕಡೆ ಮುಖ ಮಾಡಿ ನಿಂತ. ಹಿಂದೆ ಗುಂಡಿಯ ಸದ್ದು ಕೇಳಿಸಿತು, ನಿಂತಿತು, ಮತ್ತೆ ಕೇಳಿಸಿತು. ಹಣ ತೆಗೆಯಲು ಇಷ್ಟು ಹೊತ್ತು ಬೇಡ. ಮರೆತಿರಬೇಕು, ಪಾಪ.

“ಅಕ್ಕಾ, ನಂಬರು ಹೇಳ್ಲಾ?”

“ನಿಂಗೆ ಗೊತ್ತಿರೋ ನಂಬರು ಇನ್ನು ನಡೆಯಲ್ಲ. ಬದಲಾಯಿಸ್ತಿದೀನಿ. ತಿರುಗಬೇಡ.”

ಬೋರ್ಡಪ್ಪನಿಗೆ ಖುಷಿ ತಡೆಯಲಾಗಲಿಲ್ಲ. ಹೊರಗೆ ದೊಡ್ಡಾಫೀಸಿನ ಕಾರು ಬಂದು ನಿಂತಿತು. ಇಳಿದವರು ಗಾಜಿನೊಳಗೆ ಇಣುಕಿದರು. ಮುಚ್ಚಳ ತೆಗೆಯದ ಡಬ್ಬಿಯನ್ನು ತಬ್ಬಿಕೊಂಡು, ಕಿವಿಯಿಂದ ಕಿವಿಗೆ ನಗುತ್ತ ನಿಂತ ಒಬ್ಬ ಗಂಡಸು; ಅವನ ಹಿಂದೆ, ಅವಸರವೇ ಇಲ್ಲದೆ ಒಂದೊಂದೇ ಗುಂಡಿ ಒತ್ತುತ್ತಿದ್ದ ಒಬ್ಬ ಹೆಂಗಸಿನ ಬೆನ್ನು.